ಸೋರುವ ನಳವೂ ತಾನೇ ಮುಚ್ಚುವ ಕವಾಟವೂ

ನೀರಿನ ಬರವೆಂದರೆ ಮಳೆ ತಪ್ಪುವುದು, ಹೊಳೆ ಬತ್ತುವುದು, ಕೆರೆಯ ತಳ ಕಾಣುವುದು ಎಂದಷ್ಟೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮನೆಗೆ ಬಂದು ಸೇರಿದ ನೀರು ಮನೆಯ ಕೊಳವೆಗಳಿಂದಲೇ ಸದ್ದಿಲ್ಲದೆ ಸೋರಿಹೋಗುವುದೂ ಬರದ ಒಂದು ರೂಪವೇ ಸರಿ. ಅದು ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಅದರ ವಿಷಯದಲ್ಲಿ ಕಳವಳಪಡುವವರು ವಿರಳ.

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳು ಮಲಪ್ರಭೆಯ ಮಡಿಲಿನಲ್ಲಿರುವ ನಾಡು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು ೩೦೦ ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಈ ನದಿಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟನ್ನು ಕಟ್ಟಲಾಯಿತು. ೧೯೭೦ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಆ ಜಲಾಶಯವೇ ರೇಣುಕಾಸಾಗರ. ೨೦೧೯ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ರಾಮದುರ್ಗದ ಸೀಮೆಯನ್ನು ಕಂಗೆಡಿಸಿತು. ಬೇರೆ ಕೆಲವು ವರ್ಷಗಳಲ್ಲಿ ಜಲಾಶಯ ತುಂಬುವುದೇ ದುರ್ಲಭವಾಗಿದೆ. ಹೀಗೆ ಒಮ್ಮೆ ಅತಿಯಾಗಿಯೂ ಒಮ್ಮೆ ಕಡಮೆಯಾಗಿಯೂ ಹರಿಯುವ ನದಿಯನ್ನು ನೆಚ್ಚಿದ ನಾಡಿನಲ್ಲಿ ಮನೆಯೊಳಗಿನ ಸೋರಿಕೆ ಅಲಕ್ಷ್ಯಕ್ಕೆ ಅರ್ಹವಾದ ವಿಷಯವಲ್ಲ.

ಸೋರಿಕೆಯನ್ನು ತಾನೇ ಕಂಡುಹಿಡಿದು ನೀರನ್ನು ತಾನೇ ನಿಲ್ಲಿಸುವ ಉಪಕರಣಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಮಹಾನಗರಗಳ ಬಹುಮಹಡಿ ಮನೆಗಳಲ್ಲಿ ಅವುಗಳ ಬಳಕೆಯೂ ಆರಂಭವಾಗಿದೆ. ಇವು ನಮ್ಮ ಚಿಕ್ಕ ಪಟ್ಟಣಗಳಿಗೂ ಬೇಕೆ ಎಂಬುದು ಸಹಜವಾದ ಪ್ರಶ್ನೆ. ಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಎರಡು ನಿಬಂಧನೆಗಳ ಮೇಲೆ: ಉಪಕರಣವನ್ನು ನಮ್ಮ ನೀರು ಸರಬರಾಜಿನ ರೀತಿಗೆ ಒಪ್ಪುವ ಸ್ಥಳದಲ್ಲಿ ಕೂರಿಸಬೇಕು, ಕೂರಿಸಿದ ಮೇಲೆ ಅದನ್ನು ನಿಯತಕಾಲದಲ್ಲಿ ಪರೀಕ್ಷಿಸುತ್ತಿರಬೇಕು. ಇವೆರಡರಲ್ಲಿ ಎರಡನೆಯದೇ ಮುಖ್ಯವಾದದ್ದು. ಅದನ್ನೇ ನಾವು ಎಲ್ಲೆಡೆಯೂ ಮರೆಯುತ್ತಿದ್ದೇವೆ.

ಹನಿಯ ಲೆಕ್ಕ

ಮೊದಲು ನಷ್ಟವೆಷ್ಟೆಂಬುದನ್ನು ಲೆಕ್ಕದಿಂದ ತಿಳಿಯೋಣ. ನಳದಿಂದ ಬೀಳುವ ೨೦ ಹನಿಗಳು ಸೇರಿದರೆ ಸುಮಾರು ಒಂದು ಮಿಲಿಲೀಟರು ಆಗುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಳದಿಂದ ದಿನಕ್ಕೆ ೮೬,೪೦೦ ಹನಿಗಳು ಬೀಳುತ್ತವೆ. ಇದು ಸುಮಾರು ೪.೩ ಲೀಟರು, ವರ್ಷಕ್ಕೆ ಒಂದೂವರೆ ಸಾವಿರ ಲೀಟರಿಗಿಂತ ಸ್ವಲ್ಪ ಹೆಚ್ಚು.

ಇನ್ನು ಕೊಳವೆಯಲ್ಲಿ ೨ ಮಿಲಿಮೀಟರು ವ್ಯಾಸದ ಒಂದು ತೂತು ಬಿದ್ದಿದೆಯೆಂದೂ, ಮಾಳಿಗೆಯ ಮೇಲಿನ ಟಾಕಿಯ ನೀರು ಅದಕ್ಕಿಂತ ೪ ಮೀಟರು ಎತ್ತರದಲ್ಲಿದೆಯೆಂದೂ ಊಹಿಸಿರಿ. ೧೭ನೆಯ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಕಂಡುಹಿಡಿದ ನಿಯಮದ ಪ್ರಕಾರ ತೂತಿನಿಂದ ಹೊರಡುವ ನೀರಿನ ವೇಗವು ೨ × ೯.೮ × ೪ ಎಂಬುದರ ವರ್ಗಮೂಲ. ಎಂದರೆ ಸೆಕೆಂಡಿಗೆ ಸುಮಾರು ೮.೯ ಮೀಟರು. ಧಾರೆಯು ತೂತಿನ ಅಂಚಿನಲ್ಲಿ ಸಂಕುಚಿತವಾಗುವುದರಿಂದ ಲೆಕ್ಕಕ್ಕೆ ಬಂದ ನೀರಿನಲ್ಲಿ ನೂರಕ್ಕೆ ೬೦ರಷ್ಟು ಮಾತ್ರ ಹೊರಬರುತ್ತದೆಂದು ಇಟ್ಟುಕೊಂಡರೂ ನಿಮಿಷಕ್ಕೆ ಒಂದು ಲೀಟರು, ದಿನಕ್ಕೆ ಸುಮಾರು ೧,೪೪೦ ಲೀಟರು ಆಗುತ್ತದೆ. ಸಾವಿರ ಲೀಟರಿನ ಟಾಕಿ ಒಂದು ದಿನವೂ ಬಾಳದು. ಗ್ರಾಮೀಣ ಮನೆಗಳಿಗೆ ನಳದ ನೀರನ್ನು ಒದಗಿಸಲು ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯು ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರು ಎಂದು ಪ್ರಮಾಣವನ್ನು ಗೊತ್ತುಮಾಡಿದೆ. ಆ ಪ್ರಮಾಣದಂತೆ, ಸೂಜಿಗಿಂತ ಸ್ವಲ್ಪ ದಪ್ಪನಾದ ಈ ತೂತು ೨೬ ಜನರ ಪಾಲಿನ ನೀರನ್ನು ಕುಡಿದುಬಿಡುತ್ತದೆ.

ಆದರೆ ಉತ್ಪ್ರೇಕ್ಷೆಗೂ ಎಡೆಗೊಡಬಾರದು. ಮನೆಯ ಸೋರಿಕೆಯನ್ನು ನಿಲ್ಲಿಸಿದರೆ ರೇಣುಕಾಸಾಗರ ತುಂಬುತ್ತದೆಂದು ಹೇಳುವವರು ಲೆಕ್ಕ ಮಾಡಿ ನೋಡಿದವರಲ್ಲ. ಆ ಜಲಾಶಯದ ಸಾಮರ್ಥ್ಯ ೩೭.೭೩ ಟಿ.ಎಂ.ಸಿ., ಎಂದರೆ ಒಂದು ಲಕ್ಷ ಕೋಟಿ ಲೀಟರಿಗೂ ಮಿಗಿಲು. ಹತ್ತು ಸಾವಿರ ಮನೆಗಳು ದಿನಕ್ಕೆ ನೂರು ಲೀಟರಿನಂತೆ ವರ್ಷವಿಡೀ ನೀರನ್ನು ಸೋರಿಸಿದರೂ ಆಗುವ ನಷ್ಟ ಜಲಾಶಯದ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಮಹದಾಯಿ ಜಲವಿವಾದ ನ್ಯಾಯಾಧಿಕರಣವು ೨೦೧೮ರಲ್ಲಿ ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು ಅನುಮತಿಸಿದ ೩.೯ ಟಿ.ಎಂ.ಸಿ. ನೀರಿನ ಪ್ರಶ್ನೆಯನ್ನೂ ಮನೆಯ ನಳವು ಬಗೆಹರಿಸಲಾರದು. ನದಿಯ ಪ್ರಶ್ನೆ ಬೇರೆ, ನಳದ ಪ್ರಶ್ನೆ ಬೇರೆ.

ಹಾಗಾದರೆ ನಷ್ಟ ಎಲ್ಲಿ ತಟ್ಟುತ್ತದೆ? ಆ ಹತ್ತು ಸಾವಿರ ಮನೆಗಳಿಂದ ದಿನವೂ ಸೋರುವ ಹತ್ತು ಲಕ್ಷ ಲೀಟರು ಹೊಳೆಯಲ್ಲಿ ಹರಿಯುತ್ತಿದ್ದ ನೀರಲ್ಲ. ಸೋಸಿ, ಕ್ಲೋರಿನ್ ಬೆರೆಸಿ, ಪಂಪಿನಿಂದ ಮೇಲೆತ್ತಿದ ನೀರು. ಅದನ್ನು ೧೦೦ ಮೀಟರು ಎತ್ತರಕ್ಕೆ ಎತ್ತಬೇಕೆಂದೂ, ಪಂಪು ಮತ್ತು ಮೋಟಾರುಗಳ ಒಟ್ಟು ದಕ್ಷತೆ ನೂರಕ್ಕೆ ೬೦ ಎಂದೂ ಭಾವಿಸಿದರೆ ದಿನಕ್ಕೆ ಸುಮಾರು ೪೫೦ ಯೂನಿಟ್ ವಿದ್ಯುತ್ತು ಬೇಕು. ಐವತ್ತೈದು ಲೀಟರಿನ ಪ್ರಮಾಣದಲ್ಲಿ ಅದು ೧೮,೦೦೦ ಜನರ ಒಂದು ದಿನದ ನೀರು. ಅಣೆಕಟ್ಟಿನಲ್ಲಿ ಕಾಣದ ನಷ್ಟ ಪಂಪುಮನೆಯಲ್ಲಿಯೂ, ಅಡಿಗೆಮನೆಯಲ್ಲಿಯೂ, ಬೀದಿಯ ಕೊನೆಯ ನಳದಲ್ಲಿಯೂ ಕಾಣುತ್ತದೆ.

ಇದರ ಜೊತೆಗೆ ಈ ಸೀಮೆಯ ನೆಲದ ಗುಣವನ್ನೂ ಗಮನಿಸಬೇಕು. ಬೈಲಹೊಂಗಲದಿಂದ ರಾಮದುರ್ಗದವರೆಗೆ ವಿಶಾಲವಾಗಿ ಹರಡಿರುವ ಎರೆಮಣ್ಣು ಹತ್ತಿ ಜೋಳಗಳಿಗೆ ತಾಯಿಯಂತಿದ್ದರೂ ಕೊಳವೆಗಳಿಗೆ ಶತ್ರು. ಅದು ನೀರನ್ನು ಕುಡಿದಾಗ ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಈ ಏರಿಳಿತದಲ್ಲಿ ನೆಲದೊಳಗಿನ ಕೊಳವೆಯ ಜೋಡಣೆಗಳು ಸಡಿಲುತ್ತವೆ. ಸಡಿಲಿದ ಜೋಡಣೆಯಿಂದ ಸೋರಿದ ನೀರು ಅಡಿಪಾಯದ ಒಂದು ಮಗ್ಗುಲನ್ನು ಮಾತ್ರ ನೆನೆಸುವುದರಿಂದ ನೆಲ ಒಂದೆಡೆ ಉಬ್ಬಿ, ಗೋಡೆ ಬಿರುಕು ಬಿಡುತ್ತದೆ. ಕಾಣದ ಸೋರಿಕೆಯ ಮೊದಲ ಸಾಕ್ಷಿ ಎಷ್ಟೋ ವೇಳೆ ಗೋಡೆಯ ಮೇಲಿನ ಬಿರುಕೇ ಆಗಿರುತ್ತದೆ.

ಉಪಕರಣದ ಮೂರು ಅಂಗಗಳು

ತಾನೇ ಮುಚ್ಚಿಕೊಳ್ಳುವ ಕವಾಟ ಹೊಸ ಕಲ್ಪನೆಯೇನೂ ಅಲ್ಲ. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬಾತನು ನೀರಿನ ಗಡಿಯಾರದಲ್ಲಿ ತೇಲುವ ವಸ್ತುವೊಂದನ್ನು ಬಳಸಿ ನೀರಿನ ಮಟ್ಟವನ್ನು ಒಂದೇ ಸಮನಾಗಿರಿಸಿದನೆಂದು ವಿಜ್ಞಾನದ ಇತಿಹಾಸಕಾರರು ಹೇಳುತ್ತಾರೆ. ಅದೇ ತತ್ತ್ವದ ತೇಲುಚೆಂಡಿನ ಕವಾಟ ಇಂದು ನಮ್ಮ ಟಾಕಿಗಳಲ್ಲಿದೆ. ನೀರು ಏರಿದಂತೆ ಚೆಂಡು ಏರುತ್ತದೆ. ಚೆಂಡಿಗೆ ಕಟ್ಟಿದ ಸನ್ನೆ ನೀರಿನ ದಾರಿಯನ್ನು ಮುಚ್ಚುತ್ತದೆ. ಫಲವೇ ಕಾರಣಕ್ಕೆ ಕಡಿವಾಣ ಹಾಕುವ ಈ ವ್ಯವಸ್ಥೆಯನ್ನು ಅರಿತ ವಿದ್ಯಾರ್ಥಿಗೆ ಇಂದಿನ ಉಪಕರಣ ಕಠಿನವೆನಿಸದು.

ಇಂದಿನ ಉಪಕರಣದಲ್ಲಿ ಅರಿಯುವ ಅಂಗ, ನಿರ್ಣಯಿಸುವ ಅಂಗ, ಮುಚ್ಚುವ ಅಂಗ ಎಂದು ಮೂರು ಭಾಗಗಳಿವೆ. ಅರಿಯುವ ಅಂಗಕ್ಕೆ ಸೆನ್ಸರ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಒಂದನೆಯದು ನೆಲದ ಮೇಲಿಡುವ ಜೋಡಿ ಲೋಹದ ಮೊನೆಗಳು. ಒಣಗಿದ್ದಾಗ ಅವುಗಳ ನಡುವೆ ವಿದ್ಯುತ್ತು ಹರಿಯದು; ನೀರು ತಾಗಿದಾಗ ಅದರಲ್ಲಿ ಕರಗಿರುವ ಲವಣಗಳ ಮೂಲಕ ಹರಿಯುತ್ತದೆ. ಎರಡನೆಯದು ಕೊಳವೆಯೊಳಗಿನ ಪುಟ್ಟ ಚಕ್ರ. ಹರಿವು ಚಕ್ರವನ್ನು ತಿರುಗಿಸುತ್ತದೆ. ಚಕ್ರದಲ್ಲಿರುವ ಅಯಸ್ಕಾಂತವು ಹೊರಗಿನ ಸೆನ್ಸರಿನಲ್ಲಿ ಪ್ರತಿ ಸುತ್ತಿಗೂ ಒಂದು ವಿದ್ಯುತ್ ಸ್ಪಂದವನ್ನು ಹುಟ್ಟಿಸುತ್ತದೆ. ನಿರ್ಣಯಿಸುವ ಅಂಗವು ಈ ಸ್ಪಂದಗಳನ್ನು ಎಣಿಸಿ, ನಾವು ಗೊತ್ತುಮಾಡಿದ ಅವಧಿಯನ್ನು ಮೀರಿ ನೀರು ಒಂದೇ ಸಮನೆ ಹರಿದರೆ ಸೋರಿಕೆಯೆಂದು ತೀರ್ಮಾನಿಸಿ, ಮುಚ್ಚುವ ಅಂಗಕ್ಕೆ ಆಜ್ಞೆ ಕೊಡುತ್ತದೆ.

ಈ ಎರಡು ಬಗೆಗಳಿಗೂ ಮಿತಿಯಿದೆ. ನೆಲದ ಮೇಲಿನ ಮೊನೆಗಳು ನೆಲದೊಳಗಿನ ಸೋರಿಕೆಯನ್ನು ಕಾಣಲಾರವು. ಎರೆಮಣ್ಣು ಹೀರಿದ ನೀರು ಮೇಲಕ್ಕೆ ಬರುವುದೇ ಇಲ್ಲ. ಚಕ್ರವಾದರೋ ತೀರ ಮಂದವಾದ ಹರಿವಿಗೆ ತಿರುಗುವುದಿಲ್ಲ; ತೊಟ್ಟಿಕ್ಕುವ ನಳ ಅದರ ಕಣ್ಣಿಗೆ ಮರೆ. ಹೀಗಿರುವಲ್ಲಿ ಯಾವ ಉಪಕರಣವೂ ಮನುಷ್ಯನ ಎಚ್ಚರಕ್ಕೆ ಸಂಪೂರ್ಣವಾಗಿ ಬದಲಿಯಾಗಲಾರದು.

ನಮ್ಮ ಪಟ್ಟಣಗಳಲ್ಲಿ ಎಲ್ಲಿ ಕೂರಿಸಬೇಕು?

ಉಪಕರಣದ ಜೊತೆಗೆ ಬರುವ ಸೂಚನಾಪತ್ರಗಳನ್ನು ಬಹುಮಟ್ಟಿಗೆ ಇಪ್ಪತ್ತನಾಲ್ಕು ಗಂಟೆಯೂ ಕೊಳವೆಯಲ್ಲಿ ಒತ್ತಡವಿರುವ ಊರುಗಳಿಗಾಗಿ ಬರೆಯಲಾಗಿದೆ. ಬೀದಿಯ ಕೊಳವೆ ಮನೆಯನ್ನು ಪ್ರವೇಶಿಸುವ ಸ್ಥಳದಲ್ಲಿಯೇ ಕವಾಟವನ್ನು ಜೋಡಿಸಬೇಕೆಂದು ಅವು ಹೇಳುತ್ತವೆ. ನೀರು ಸರದಿಯ ಮೇಲೆ ಬರುವ ಊರಿನಲ್ಲಿ ಈ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಅನರ್ಥವಾಗುತ್ತದೆ.

ಕಾರಣವನ್ನು ವಿಚಾರಿಸೋಣ. ಸರದಿಯ ದಿನ ನೀರು ಬಿಟ್ಟಾಗ ಮೊದಲು ಬರುವುದು ನೀರಲ್ಲ, ಗಾಳಿ. ಖಾಲಿ ಕೊಳವೆಯಲ್ಲಿ ತುಂಬಿದ್ದ ಗಾಳಿ ನೀರಿನ ನೂಕಿಗೆ ಸಿಕ್ಕಿ ರಭಸದಿಂದ ನುಗ್ಗುತ್ತದೆ. ಹಗುರವಾದ ಚಕ್ರ ಬುಗುರಿಯಂತೆ ತಿರುಗುತ್ತದೆ. ಬಳಿಕ ನೀರು ಬಂದು, ನೆಲದೊಳಗಿನ ತೊಟ್ಟಿ ತುಂಬುವವರೆಗೆ ಒಂದೆರಡು ಗಂಟೆ ಎಡೆಬಿಡದೆ ಹರಿಯುತ್ತದೆ. ನಿರ್ಣಯಿಸುವ ಅಂಗಕ್ಕೆ ಇದು ಸೋರಿಕೆಯಂತೆಯೇ ತೋರಿ, ಅದು ಕವಾಟವನ್ನು ಮುಚ್ಚುತ್ತದೆ. ಮನೆಯವರು ನಿದ್ದೆಯಿಂದೆದ್ದು ನೋಡುವಷ್ಟರಲ್ಲಿ ಸರದಿ ಮುಗಿದುಹೋಗಿರುತ್ತದೆ. ಸೋರಿಕೆಯಿಂದ ಒಂದು ಟಾಕಿಯ ನೀರು ಹೋಗಬಹುದಿತ್ತು. ಉಪಕರಣದ ತಪ್ಪು ತೀರ್ಮಾನದಿಂದ ಮುಂದಿನ ಸರದಿಯವರೆಗಿನ ನೀರೆಲ್ಲ ಹೋಯಿತು. ನೀರು ಬರುವ ಹೊತ್ತಿಗೆ ಕಾದುಕುಳಿತು ಕೊಡ ತುಂಬಿಕೊಳ್ಳುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬಂದಿದೆ. ಯಂತ್ರದ ತಪ್ಪಿನ ದಂಡವನ್ನು ತೆರುವವರೂ ಅವರೇ.

ಆದುದರಿಂದ ಇಂತಹ ಊರಿನಲ್ಲಿ ಸೋರಿಕೆ ತಡೆಯುವ ಕವಾಟವನ್ನು ಬೀದಿಯ ಕಡೆಗೆ ಕೂರಿಸದೆ, ಮಾಳಿಗೆಯ ಟಾಕಿಯಿಂದ ಮನೆಯೊಳಕ್ಕೆ ಇಳಿಯುವ ಕೊಳವೆಯಲ್ಲಿ, ಟಾಕಿಗೆ ಆದಷ್ಟು ಹತ್ತಿರದಲ್ಲಿ ಕೂರಿಸಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅಲ್ಲಿ ಗಾಳಿಯ ಕಾಟ ಕಡಮೆ. ಹರಿವೆಲ್ಲ ಮನೆಯ ಬಳಕೆಯದೇ. ಬೀದಿಯ ಕಡೆಗೆ ಒಳ್ಳೆಯ ತೇಲುಚೆಂಡಿನ ಕವಾಟವೂ, ಟಾಕಿ ತುಂಬಿದೊಡನೆ ಪಂಪಿನ ಮೋಟಾರನ್ನು ನಿಲ್ಲಿಸುವ ಸ್ವಿಚ್ಚೂ ಇದ್ದರೆ ಸಾಕು.

ಹೀಗೆ ಸ್ಥಳ ಬದಲಾಯಿಸಿದಾಗ ಕವಾಟದ ಆಯ್ಕೆಯೂ ಬದಲಾಗುತ್ತದೆ. ಹತ್ತು ಮೀಟರು ಎತ್ತರದ ನೀರಿನ ಕಂಬವು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಒತ್ತಡವನ್ನು ಕೊಡುತ್ತದೆ. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲಣ ಟಾಕಿ ನಳಕ್ಕಿಂತ ಮೂರು ನಾಲ್ಕು ಮೀಟರು ಮಾತ್ರ ಮೇಲಿರುವುದರಿಂದ ನಳದ ಬಳಿ ಒತ್ತಡ ಅದರ ಮೂರನೆಯ ಒಂದು ಭಾಗದಷ್ಟು. ಟಾಕಿಯ ಬುಡದಲ್ಲಂತೂ ಇನ್ನೂ ಕಡಮೆ. ವಿದ್ಯುತ್ಕಾಂತದಿಂದ ನಡೆಯುವ ಸಾಲೆನಾಯ್ಡ್ ಕವಾಟಗಳಲ್ಲಿ ಹಲವು ನೀರಿನ ಒತ್ತಡದ ಸಹಾಯದಿಂದಲೇ ತೆರೆದು ಮುಚ್ಚತಕ್ಕವು. ಇಷ್ಟು ಅಲ್ಪ ಒತ್ತಡದಲ್ಲಿ ಅವು ಸರಿಯಾಗಿ ಕೆಲಸ ಮಾಡವು. ಅವುಗಳ ಕಿರಿದಾದ ರಂಧ್ರದಲ್ಲಿ ಕೆಸರೂ ಸುಣ್ಣವೂ ಸಿಕ್ಕಿಕೊಳ್ಳುವುದುಂಟು. ತೂತುಳ್ಳ ಗುಂಡೊಂದನ್ನು ಪುಟ್ಟ ಮೋಟಾರಿನಿಂದ ಕಾಲುಸುತ್ತು ತಿರುಗಿಸುವ ಗುಂಡುಕವಾಟ ಒತ್ತಡವನ್ನು ನೆಚ್ಚುವುದಿಲ್ಲ. ನೀರಿನ ದಾರಿಯನ್ನೂ ಕಿರಿದು ಮಾಡುವುದಿಲ್ಲ. ನಮ್ಮ ಮನೆಗಳಿಗೆ ಇದೇ ಯೋಗ್ಯ. ಆದರೆ ವಿದ್ಯುತ್ತು ಹೋದಾಗ ಅದು ಇದ್ದ ಸ್ಥಿತಿಯಲ್ಲಿಯೇ ನಿಂತುಬಿಡುತ್ತದೆ. ಆದಕಾರಣ ಬ್ಯಾಟರಿಯ ಬೆಂಬಲವೂ, ಕೈಯಿಂದ ತಿರುಗಿಸಬಲ್ಲ ಹಿಡಿಯೂ ಇರಲೇಬೇಕು.

ಪರೀಕ್ಷೆಯ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಂಖ ಕೆಟ್ಟರೆ ಗಾಳಿ ಬಾರದು, ದೀಪ ಕೆಟ್ಟರೆ ಬೆಳಕಿರದು. ಅವುಗಳ ದೋಷ ತಕ್ಷಣವೇ ತಿಳಿಯುತ್ತದೆ. ಸೋರಿಕೆ ತಡೆಯುವ ಕವಾಟವಾದರೋ ವರ್ಷಗಟ್ಟಲೆ ಸುಮ್ಮನೆ ತೆರೆದಿರುವುದೇ ಅದರ ಕೆಲಸ. ಕೆಟ್ಟ ಕವಾಟವೂ ಹಾಗೆಯೇ ತೆರೆದಿರುತ್ತದೆ. ಅಪಾಯ ಒದಗುವ ತನಕ ಇವೆರಡಕ್ಕೂ ಭೇದವೇ ಕಾಣದು. ಅಷ್ಟರಲ್ಲಿ ಸುಣ್ಣ ಕಟ್ಟಿದ ಗುಂಡು ಬಿಗಿದುಕೊಂಡಿರಬಹುದು; ಮೊನೆಗಳ ಮೇಲೆ ತುಕ್ಕು ಹಿಡಿದಿರಬಹುದು; ಬ್ಯಾಟರಿ ಬರಿದಾಗಿರಬಹುದು. ಮನೆಯವರು ಮಾತ್ರ ಯಂತ್ರವಿದೆಯೆಂಬ ಧೈರ್ಯದಿಂದ ಊರಿಗೆ ಹೋಗುತ್ತಾರೆ.

ಇಂತಹ ಗುಪ್ತದೋಷದ ವಿಷಯದಲ್ಲಿ ಯಂತ್ರಶಾಸ್ತ್ರಜ್ಞರು ಒಂದು ಸರಳವಾದ ಲೆಕ್ಕವನ್ನು ಹೇಳುತ್ತಾರೆ. ಎರಡು ಪರೀಕ್ಷೆಗಳ ನಡುವೆ ಯಾವ ದಿನ ಬೇಕಾದರೂ ದೋಷ ಹುಟ್ಟಬಹುದಾದುದರಿಂದ, ಅದು ಬೆಳಕಿಗೆ ಬಾರದೆ ಇರುವ ಕಾಲ ಸರಾಸರಿಯಲ್ಲಿ ಆ ಅವಧಿಯ ಅರ್ಧದಷ್ಟು. ವರ್ಷಕ್ಕೊಮ್ಮೆ ಪರೀಕ್ಷಿಸುವ ಮನೆಯಲ್ಲಿ ದೋಷವು ಸರಾಸರಿ ಆರು ತಿಂಗಳು ಅಡಗಿರುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸುವ ಮನೆಯಲ್ಲಿ ಹದಿನೈದೇ ದಿನ. ಬೆಲೆಬಾಳುವ ಯಂತ್ರವನ್ನು ಕೊಂಡು ಪರೀಕ್ಷಿಸದಿರುವುದಕ್ಕಿಂತ ಸಾಧಾರಣವಾದದ್ದನ್ನು ಕೊಂಡು ತಿಂಗಳಿಗೊಮ್ಮೆ ಪರೀಕ್ಷಿಸುವುದು ಮೇಲು.

ಪರೀಕ್ಷೆಗೆ ಬೇಕಾದ ಸಾಮಗ್ರಿ ಒಂದು ಅಳತೆಯ ಕೋಲು, ಒಂದು ಲೀಟರಿನ ಪಾತ್ರೆ, ಒಂದು ಒದ್ದೆ ಬಟ್ಟೆ ಮತ್ತು ಒಂದು ಗಡಿಯಾರ, ಇಷ್ಟೇ. ಉಪಕರಣವನ್ನು ಕೂರಿಸುವುದಕ್ಕೆ ಮುಂಚೆಯೇ ಮನೆಯ ಸ್ಥಿತಿಯನ್ನು ತಿಳಿಯಬೇಕು. ರಾತ್ರಿ ಎಲ್ಲರೂ ಮಲಗುವಾಗ ನಳಗಳನ್ನೆಲ್ಲ ಮುಚ್ಚಿ, ಟಾಕಿಗೆ ನೀರು ಬರದಂತೆ ಮಾಡಿ, ಕೋಲಿನಿಂದ ಮಟ್ಟವನ್ನು ಅಳೆಯಿರಿ. ಬೆಳಗ್ಗೆ ಮತ್ತೆ ಅಳೆಯಿರಿ. ೧.೧ ಮೀಟರು ವ್ಯಾಸದ ಉರುಟು ಟಾಕಿಯಲ್ಲಿ ಮಟ್ಟವು ಒಂದು ಸೆಂಟಿಮೀಟರು ಇಳಿದರೆ ಸುಮಾರು ಒಂಬತ್ತೂವರೆ ಲೀಟರು ಹೋಯಿತೆಂದು ಅರ್ಥ. ಎಂಟು ಗಂಟೆಗಳಲ್ಲಿ ಇಷ್ಟಾದರೆ ದಿನಕ್ಕೆ ೨೮ ಲೀಟರು. ಸೋರುತ್ತಿರುವುದು ಟಾಕಿಯೋ ಕೊಳವೆಯೋ ಎಂಬುದನ್ನು ಬೇರ್ಪಡಿಸಲು ಮರುರಾತ್ರಿ ಟಾಕಿಯ ಬುಡದ ಕೈಕವಾಟವನ್ನು ಮುಚ್ಚಿ ಅದೇ ಅಳತೆಯನ್ನು ಮಾಡಿರಿ. ಆಗಲೂ ಮಟ್ಟ ಇಳಿದರೆ ದೋಷ ಟಾಕಿಯದು ಅಥವಾ ಆ ಕವಾಟದ್ದು, ಇಳಿಯದಿದ್ದರೆ ಕೊಳವೆಗಳದು. ಉಳಿದುದನ್ನೆಲ್ಲ ಹಾಗೆಯೇ ಇರಿಸಿ ಒಂದನ್ನು ಮಾತ್ರ ಬದಲಿಸಿ ನೋಡುವ ಈ ವಿಧಾನವನ್ನೇ ನೀವು ಪ್ರಯೋಗಶಾಲೆಯಲ್ಲಿ ನಿಯಂತ್ರಿತ ಪ್ರಯೋಗವೆಂದು ಕಲಿಯುತ್ತೀರಿ.

ಉಪಕರಣವನ್ನು ಕೂರಿಸಿದ ಮೇಲೆ ಮೊದಲನೆಯ ಪರೀಕ್ಷೆ ಅರಿಯುವ ಅಂಗದ್ದು. ನೆಲದ ಮೊನೆಗಳ ಮೇಲೆ ಒದ್ದೆ ಬಟ್ಟೆಯನ್ನು ಹಾಕಿ, ಕವಾಟ ಮುಚ್ಚಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಡಬೇಕು. ಸೆನ್ಸರ್ ಚಕ್ರದ ಬಗೆಯದಾದರೆ, ಒಂದು ಲೀಟರಿನ ಪಾತ್ರೆ ಹತ್ತು ನಿಮಿಷಕ್ಕೆ ತುಂಬುವಷ್ಟು ಸಣ್ಣಗೆ ನಳವನ್ನು ಬಿಟ್ಟು, ಅಷ್ಟು ಸಣ್ಣ ಹರಿವು ಅದಕ್ಕೆ ತಿಳಿಯುತ್ತದೆಯೇ ಎಂದು ನೋಡಬೇಕು. ತಿಳಿಯದಿದ್ದರೆ ಹರಿವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಅದರ ಅರಿವಿನ ಮೇರೆ ಎಲ್ಲಿದೆಯೆಂಬುದನ್ನು ಗೊತ್ತುಮಾಡಬೇಕು.

ಎರಡನೆಯದು ಮುಚ್ಚುವ ಅಂಗದ್ದು. ಕವಾಟ ಮುಚ್ಚಿದ ಸಂಜ್ಞೆಯಾಗಿ ದೀಪ ಹೊತ್ತಿದ ಮಾತ್ರಕ್ಕೆ ನಂಬಬಾರದು. ಆಜ್ಞೆ ಹೋಯಿತೆಂದು ಮಾತ್ರ ದೀಪ ಹೇಳೀತು. ಆಜ್ಞೆ ನೆರವೇರಿತೆಂದು ಹೇಳಬೇಕಾದದ್ದು ನಳ. ಮನೆಯ ಅತ್ಯಂತ ಕೆಳಗಿನ ನಳವನ್ನು ತೆರೆದಿಡಿರಿ. ಕೊಳವೆಯಲ್ಲಿ ಉಳಿದ ನೀರು ಬಸಿದುಹೋಗಿ ಧಾರೆ ಪೂರ್ತಿಯಾಗಿ ನಿಲ್ಲಬೇಕು. ಹತ್ತು ನಿಮಿಷದ ಮೇಲೂ ಹನಿ ಬೀಳುತ್ತಿದ್ದರೆ ಕವಾಟ ಪೂರ್ತಿ ಮುಚ್ಚಿಲ್ಲ.

ಮೂರನೆಯದು ಪ್ರತಿಕೂಲ ಪರಿಸ್ಥಿತಿಯ ಪರೀಕ್ಷೆ. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿ ಇದೇ ಪ್ರಯೋಗಗಳನ್ನು ಬ್ಯಾಟರಿಯ ಮೇಲೆ ನಡೆಯಿಸಬೇಕು. ಬ್ಯಾಟರಿಯನ್ನೂ ತೆಗೆದು, ಕೈಹಿಡಿಯಿಂದ ಕವಾಟವನ್ನು ತೆರೆದು ಮುಚ್ಚಲು ಮನೆಯಲ್ಲಿರುವ ವೃದ್ಧರಿಗೂ ಸಾಧ್ಯವೇ ಎಂದು ನೋಡಬೇಕು. ನಾಲ್ಕನೆಯದು ಸುಳ್ಳು ಎಚ್ಚರಿಕೆಯ ಪರೀಕ್ಷೆ. ಬಟ್ಟೆ ಒಗೆಯುವ ದಿನದ ದೀರ್ಘವಾದ ಹರಿವಿಗೆ ಯಂತ್ರ ಬೆದರಿ ಮುಚ್ಚಿದರೆ ಅವಧಿಯನ್ನು ಹೆಚ್ಚಿಸಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಯಲ್ಲಮ್ಮನ ಜಾತ್ರೆಯ ಕಾಲದಲ್ಲಿ ಸವದತ್ತಿಯ ಮನೆಗಳಲ್ಲಿ ನೆಂಟರಿಷ್ಟರು ತುಂಬಿರುವಾಗ ನಳಕ್ಕೆ ವಿರಾಮವೆಲ್ಲಿಯದು? ಅಂಥ ದಿನಗಳ ಬಳಕೆಯನ್ನೂ ಅಳೆದು ಅವಧಿಯನ್ನು ಗೊತ್ತುಮಾಡುವುದು ವಿವೇಕ. ಮೇಲಿಂದ ಮೇಲೆ ಸುಳ್ಳು ಹೇಳುವ ಯಂತ್ರವನ್ನು ಜನರು ಬೇಸತ್ತು ಆರಿಸಿಬಿಡುತ್ತಾರೆ. ನಿಜವಾದ ಸೋರಿಕೆ ಬಂದಾಗ ಅದು ನಿದ್ರಿಸುತ್ತಿರುತ್ತದೆ.

ಕೆಲವು ಆಕ್ಷೇಪಗಳು

ದುಡ್ಡಿದ್ದವರ ಮನೆಯ ಈ ಆಟಿಕೆ ಬಡವರಿಗೇಕೆ ಎಂದು ಕೆಲವರು ಕೇಳಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಯಂತ್ರವನ್ನು ಎಲ್ಲರೂ ಕೊಳ್ಳಲಾರರು. ಆದರೆ ಟಾಕಿಯ ಬುಡಕ್ಕೆ ಒಂದು ಕೈಕವಾಟ, ತಿಂಗಳಿಗೊಂದು ರಾತ್ರಿ ಕೋಲಿನ ಅಳತೆ—ಇವು ಯಾರಿಗೂ ಭಾರವಲ್ಲ. ಊರಿಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕುವ ನಾವು ಟಾಕಿಯ ಕವಾಟವನ್ನು ಮುಚ್ಚುವುದನ್ನೂ ರೂಢಿಮಾಡಿಕೊಂಡರೆ ಯಂತ್ರದ ಅರ್ಧ ಪ್ರಯೋಜನ ಯಂತ್ರವಿಲ್ಲದೆಯೇ ದೊರೆಯುತ್ತದೆ.

ನೀರೇ ದಿನವೂ ಬಾರದ ಊರಿನಲ್ಲಿ ಸೋರಿಕೆಯ ಚಿಂತೆಯೇಕೆ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರವನ್ನು ನೆರೆಯ ಹುಬ್ಬಳ್ಳಿ-ಧಾರವಾಡವೇ ಒದಗಿಸಿದೆ. ರೇಣುಕಾಸಾಗರದ ನೀರನ್ನು ಕುಡಿಯುವ ಆ ಅವಳಿನಗರದ ಕೆಲವು ಭಾಗಗಳಲ್ಲಿಯೂ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಲ್ಲಿಯೂ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ೨೦೦೮ರ ಹೊತ್ತಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಅನಂತರ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿ, ಸರದಿಯ ಮೇಲೆ ಬರುವ ನೀರಿನಲ್ಲಿ ಮಲಿನತೆಯನ್ನು ಸೂಚಿಸುವ ಬ್ಯಾಕ್ಟೀರಿಯಗಳು ಸತತವಾಗಿ ಹರಿಯುವ ನೀರಿಗಿಂತ ಹೆಚ್ಚಾಗಿ ಕಾಣಸಿಗುತ್ತವೆಂದು ೨೦೧೩ರಲ್ಲಿ ಪ್ರಕಟಿಸಿದರು. ಕೊಳವೆಯಲ್ಲಿ ಒತ್ತಡವಿದ್ದಾಗ ನೀರು ಬಿರುಕಿನಿಂದ ಹೊರಗೆ ಹೋಗುತ್ತದೆ. ಒತ್ತಡ ಇಳಿದಾಗ ಅದೇ ಬಿರುಕಿನಿಂದ ಹೊರಗಿನ ಕೊಳಚೆ ಒಳಗೆ ಬರಬಹುದು. ಆದುದರಿಂದ ಸರದಿಯ ಊರಿನಲ್ಲಿ ಸೋರಿಕೆ ನೀರಿನ ನಷ್ಟ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು. ಬೀದಿಯಿಂದ ನೆಲದೊಳಗಿನ ತೊಟ್ಟಿಯವರೆಗಿನ ಕೊಳವೆಯ ದುರಸ್ತಿಗೆ ಯಾವ ಸ್ವಯಂಚಾಲಿತ ಕವಾಟವೂ ಬದಲಿಯಾಗದು. ಅದನ್ನು ಅಗೆದೇ ಸರಿಪಡಿಸಬೇಕು.

ಮುಂದೆ ನಮ್ಮ ಚಿಕ್ಕ ಪಟ್ಟಣಗಳಿಗೂ ಸತತವಾದ ನೀರು ಬಂದಾಗ ಪರಿಸ್ಥಿತಿ ಬೇರೆಯಾಗುತ್ತದೆ. ಆಗ ಒತ್ತಡ ಹಗಲಿರುಳೂ ಇರುವುದರಿಂದ ಸೋರಿಕೆಯೂ ಹಗಲಿರುಳೂ ಇರುತ್ತದೆ. ಮೀಟರು ಅದನ್ನು ಲೀಟರು ಲೀಟರಾ‍ಗಿ ಬರೆದಿಡುತ್ತದೆ. ಬೀದಿಯ ಕಡೆಗೆ ಕವಾಟ ಬೇಕಾಗುವುದು ಆಗ. ಇಂದು ಪರೀಕ್ಷೆಯ ಅಭ್ಯಾಸವನ್ನು ಮಾಡಿಕೊಂಡ ಮನೆ ಅಂದಿಗೆ ಸಿದ್ಧವಾಗಿರುತ್ತದೆ.

ಮಾಡತಕ್ಕದ್ದೇನು?

ಕೊಳವೆ ಜೋಡಿಸುವ ಪ್ಲಂಬರ ಕೆಲಸ ಮುಗಿಸಿ, ನಳ ತಿರುಗಿಸಿ ನೀರು ಬಂದುದನ್ನು ತೋರಿಸಿ, ಕೂಲಿ ಪಡೆದು ಹೋಗುವುದು ರೂಢಿ. ನೀರು ಬರುತ್ತದೆಯೆಂಬುದು ಅರ್ಧ ಪರೀಕ್ಷೆ. ನೀರು ನಿಲ್ಲುತ್ತದೆಯೆಂಬುದನ್ನೂ ತೋರಿಸಿದರೆ ಮಾತ್ರ ಪರೀಕ್ಷೆ ಪೂರ್ತಿಯಾಗುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಪ್ಲಂಬರ ವೃತ್ತಿಯನ್ನು ಕಲಿಸುವವರು ಈ ಎರಡನೆಯ ಅರ್ಧಕ್ಕೂ ಅಂಕಗಳನ್ನು ಇಡಬೇಕು. ಪುರಸಭೆಗಳೂ ಪಟ್ಟಣ ಪಂಚಾಯತಿಗಳೂ ಹೊಸ ಮನೆಗೆ ನಳದ ಜೋಡಣೆ ಕೊಡುವಾಗ, ರಾತ್ರಿಯ ಮಟ್ಟದ ಅಳತೆಯನ್ನು ನಮೂದಿಸಿದ ಒಂದು ಹಾಳೆಯನ್ನು ಕೇಳಿ ಪಡೆದರೆ ಎಷ್ಟೋ ಸೋರಿಕೆಗಳು ಮೊದಲ ದಿನವೇ ಸಿಕ್ಕಿಬೀಳುತ್ತವೆ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಇಲಾಖೆಯೂ ಬೇಡ.

ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಟೊರಿಚೆಲ್ಲಿಯ ನಿಯಮವನ್ನೂ, ವಿದ್ಯುದ್ವಾಹಕತೆಯನ್ನೂ, ಸರಾಸರಿಯ ಲೆಕ್ಕವನ್ನೂ ನೀವು ಪರೀಕ್ಷೆಗಾಗಿ ಓದುತ್ತೀರಿ. ಮಾಳಿಗೆಯ ಮೇಲಿನ ಟಾಕಿಯಲ್ಲಿ ಆ ಮೂರೂ ನಿಮ್ಮನ್ನು ಕಾಯುತ್ತಿವೆ. ಒಂದು ಶಾಲೆಯ ಐವತ್ತು ವಿದ್ಯಾರ್ಥಿಗಳು ಒಂದೇ ರಾತ್ರಿ ತಮ್ಮ ತಮ್ಮ ಮನೆಯ ಟಾಕಿಯನ್ನು ಅಳೆದು, ಮರುದಿನ ಅಂಕಿಗಳನ್ನು ಕೂಡಿಸಿ, ಓಣಿಯ ಹೆಸರಿನೊಡನೆ ಒಂದು ಕೋಷ್ಟಕವನ್ನು ಬರೆದರೆ ತಮ್ಮ ಊರಿನ ಸೋರಿಕೆಯ ವಿಷಯದಲ್ಲಿ ಅವರಿಗೆ ಊಹೆಯ ಬದಲು ಅಳತೆ ಕೈಗೆ ಬರುತ್ತದೆ. ಆ ಕೋಷ್ಟಕವನ್ನು ಹಿಡಿದು ಪುರಸಭೆಯ ಬಾಗಿಲಿಗೆ ಹೋಗುವವರ ಮಾತಿಗೆ ಬೆಲೆಯುಂಟು. ಕವಾಟ ಕೊಳ್ಳುವ ಮಾತು ಆಮೇಲೆ ಬರಲಿ. ಮೊದಲು ಅಳತೆ ನಡೆಯಲಿ.